ಸಣ್ಣ ಮೈಕಟ್ಟಿನ ಹೊಸಬರಿಗೆ ಹಗುರವಾದ ಕೋವಿ: ಯಾವುದನ್ನು ಆರಿಸಿಕೊಳ್ಳಲಿ?

ಮೊದಲ ಈಡು

ಎಲ್ಲರಿಗೂ ನಮಸ್ಕಾರ. ನನ್ನ ಎತ್ತರ 150 ಸೆಂಟಿಮೀಟರ್, ತೂಕ 46 ಕಿಲೋ. ಹಾರುವ ಬಿಲ್ಲೆಗಳಿಗೆ ಗುರಿಯಿಡುವುದನ್ನು ಕಲಿಯಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ಕಳೆದ ಭಾನುವಾರ ಪರಿಚಯದವರೊಬ್ಬರು ತಮ್ಮ 12 ಬೋರ್ ಜೋಡುನಳಿಗೆ ಕೋವಿಯನ್ನು ಕೈಗಿತ್ತರು. ಎಂಟು ತೋಟಾ ಮುಗಿಯುವಷ್ಟರಲ್ಲಿ ನನಗೆ ಸಾಕಾಗಿ ಹೋಯಿತು. ತೋಳಿನ ಮೇಲ್ಭಾಗ ನೀಲಿಗಟ್ಟಿದೆ, ಕೆನ್ನೆಯ ಮೂಳೆ ಮುಟ್ಟಿದರೆ ಈಗಲೂ ನೋಯುತ್ತದೆ. ಒಂದು ಬಿಲ್ಲೆಯೂ ಒಡೆಯಲಿಲ್ಲ. ಆದರೂ ಆಸೆ ಹೋಗಿಲ್ಲ.

ಆ ಕೋವಿ ನನಗೆ ಭಾರವಾಯಿತು ಎಂದು ಅವರೇ ಹೇಳಿದರು. ಹಾಗಾಗಿ ಹಗುರವಾದದ್ದನ್ನು ಹುಡುಕುತ್ತಿದ್ದೇನೆ. ಎರಡೂವರೆ ಕಿಲೋ ತೂಕದ 12 ಬೋರ್ ಒಂಟಿನಳಿಗೆಯೊಂದು ಕಣ್ಣಿಗೆ ಬಿದ್ದಿದೆ. ಎತ್ತಿ ನೋಡಿದೆ, ಹೂವಿನಂತೆ ಬಂತು. ಹಗುರವಾದಷ್ಟೂ ನನ್ನಂಥವರಿಗೆ ಒಳ್ಳೆಯದಲ್ಲವೇ? ತಿಳಿದವರು ದಯವಿಟ್ಟು ಹೇಳಿ.

ಐದನೇ ನಿಲ್ದಾಣ

ಅದನ್ನು ಕೊಳ್ಳಬೇಡಿ. ಕಾರಣ ಆಮೇಲೆ ಹೇಳುತ್ತೇನೆ, ಮೊದಲು ಇದೊಂದು ಮಾತು ತಲುಪಲಿ. ಇಪ್ಪತ್ತು ವರ್ಷಗಳಿಂದ ಹೊಸಬರಿಗೆ ಕಲಿಸುತ್ತಿದ್ದೇನೆ. ಅರ್ಧದಾರಿಯಲ್ಲಿ ಬಿಟ್ಟುಹೋದ ಸಣ್ಣ ಮೈಕಟ್ಟಿನವರಲ್ಲಿ ಹೆಚ್ಚಿನವರ ಕೈಗೆ ಯಾರೋ ಪ್ರೀತಿಯಿಂದ ಕೊಟ್ಟದ್ದು ಇಂಥದೇ ಹಗುರವಾದ 12 ಬೋರ್ ಒಂಟಿನಳಿಗೆ. ಎತ್ತುವಾಗ ಹೂವು, ಈಡು ಹಾರಿದಾಗ ಕುದುರೆಯ ಒದೆತ.

ಎರಡು ವಿಷಯ ತಿಳಿಸಿ. ಆ ದಿನ ಹೊಡೆದ ತೋಟಾದಲ್ಲಿ ಚರೆ (ಒಳಗಿನ ಸಣ್ಣ ಗುಂಡುಗಳು) ಎಷ್ಟು ಗ್ರಾಂ ಇತ್ತು? ಕೋವಿಯನ್ನು ಎತ್ತಿ ಹಿಡಿದಾಗ ನಿಮ್ಮ ಬೆನ್ನು ಹಿಂದಕ್ಕೆ ಬಾಗಿತ್ತೇ?

ಮೊದಲ ಈಡು

ಖಾಲಿ ತೋಟಾ ಒಂದನ್ನು ನೆನಪಿಗೆಂದು ತಂದಿದ್ದೆ. ಅದರ ಮೇಲೆ 32 ಗ್ರಾಂ ಎಂದಿದೆ. ಬೆನ್ನು ಬಾಗಿತ್ತು, ನನ್ನ ತಂಗಿ ತೆಗೆದ ಚಿತ್ರದಲ್ಲಿ ನಾನು ಬಿಲ್ಲಿನಂತೆ ಹಿಂದಕ್ಕೆ ವಾಲಿದ್ದೇನೆ.

ಲೆಕ್ಕದ ಹಾಳೆ

32 ಗ್ರಾಂ! ಒಲಿಂಪಿಕ್ಸ್‌ನಲ್ಲಿ ಹಾರುವ ಬಿಲ್ಲೆ ಒಡೆಯುವ ಟ್ರ್ಯಾಪ್ ಮತ್ತು ಸ್ಕೀಟ್ ಸ್ಪರ್ಧೆಗಳಲ್ಲಿ ಕೂಡ ಚರೆಯ ತೂಕಕ್ಕೆ 24 ಗ್ರಾಂನ ಮಿತಿಯಿದೆ. ವಿಶ್ವದ ಅತ್ಯುತ್ತಮರು ಅಷ್ಟರಲ್ಲೇ ಬಿಲ್ಲೆ ಒಡೆಯುತ್ತಾರೆ. ಮೊದಲ ದಿನವೇ ನಿಮ್ಮ ಭುಜಕ್ಕೆ 32 ಗ್ರಾಂ ಹೊರಿಸಿದ್ದಕ್ಕೆ ನನಗೆ ನಿಜವಾಗಿಯೂ ಬೇಸರವಾಯಿತು.

ಒಂದು ಸಣ್ಣ ಲೆಕ್ಕ ಹಾಕೋಣ. ಚರೆ, ಅದರ ಹಿಂದಿನ ಪ್ಲಾಸ್ಟಿಕ್ ಬಟ್ಟಲು ಮತ್ತು ಸುಟ್ಟ ಮದ್ದಿನ ಅನಿಲ ಮುಂದಕ್ಕೆ ಎಷ್ಟು ಸಂವೇಗದಿಂದ ಹೋಗುತ್ತವೆಯೋ ಕೋವಿ ಅಷ್ಟೇ ಸಂವೇಗದಿಂದ ಹಿಂದಕ್ಕೆ ಬರುತ್ತದೆ. ಕೋವಿ ಹಗುರವಾದರೆ ಹಿಂದಕ್ಕೆ ಬರುವ ವೇಗ ಹೆಚ್ಚುತ್ತದೆ. ಒದೆತದ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಪೆಟ್ಟೂ ಹೆಚ್ಚುತ್ತದೆ.

32 ಗ್ರಾಂ ಬಿಡಿ, ಸಾಮಾನ್ಯವಾದ 28 ಗ್ರಾಂ ತೋಟಾವನ್ನೇ ತೆಗೆದುಕೊಳ್ಳಿ. ಸೆಕೆಂಡಿಗೆ 390 ಮೀಟರ್ ವೇಗದಲ್ಲಿ ಅದು ಹೊರಟರೆ, ನೀವು ನೋಡಿದ ಎರಡೂವರೆ ಕಿಲೋ ಕೋವಿಯಲ್ಲಿ ಒದೆತ ಸುಮಾರು 33 ಜೂಲ್. ಅದೇ ತೋಟಾ 3.4 ಕಿಲೋ ಕೋವಿಯಲ್ಲಿ ಸುಮಾರು 24 ಜೂಲ್. ಈಗ ತೋಟಾ ಬದಲಿಸಿ: 21 ಗ್ರಾಂ ಚರೆ, ಸೆಕೆಂಡಿಗೆ 365 ಮೀಟರ್. ಆ ಎರಡೂವರೆ ಕಿಲೋ ಕೋವಿಯಲ್ಲೇ ಒದೆತ 17 ಜೂಲ್‌ಗೆ ಇಳಿಯುತ್ತದೆ. 2.9 ಕಿಲೋ ಕೋವಿಯಾದರೆ 15ಕ್ಕಿಂತ ತುಸು ಕಡಿಮೆ.

ಕೋವಿಗೆ 900 ಗ್ರಾಂ ಸೇರಿಸಿದರೂ ಸಿಗದಷ್ಟು ನೆಮ್ಮದಿ ತೋಟಾದಲ್ಲಿ 7 ಗ್ರಾಂ ಕಡಿಮೆ ಮಾಡಿ, ವೇಗವನ್ನೂ ತುಸು ತಗ್ಗಿಸಿದರೆ ಸಿಗುತ್ತದೆ. ಆದ್ದರಿಂದ ಮೊದಲು ಹಗುರವಾಗಬೇಕಾದದ್ದು ತೋಟಾ.

ಬೆಳಗಿನ ಬಿಸಿಲು

ನನ್ನ ಎತ್ತರ 152. ಹದಿನೇಳು ವರ್ಷಗಳಿಂದ ಗುರಿಯಿಡುತ್ತಿದ್ದೇನೆ. ನಿಮ್ಮ ಕೆನ್ನೆಯ ನೋವನ್ನು ಓದಿದಾಗ ನನ್ನ ಮೊದಲ ವರ್ಷವೇ ಕಣ್ಣ ಮುಂದೆ ಬಂತು.

ಮೇಲಿನ ಲೆಕ್ಕ ಸರಿ. ಆದರೆ ಒಂದೇ ಜೂಲ್ ಸಂಖ್ಯೆಯ ಎರಡು ಕೋವಿಗಳಲ್ಲಿ ಒಂದು ದಿನವಿಡೀ ಹೊಡೆದರೂ ಹಿತವಾಗಿರುತ್ತದೆ, ಇನ್ನೊಂದು ಹತ್ತನೇ ಈಡಿಗೇ ಕಣ್ಣೀರು ಬರಿಸುತ್ತದೆ. ವ್ಯತ್ಯಾಸವೆಲ್ಲ ಅಳತೆಯದು. ಸಾಮಾನ್ಯ ಕೋವಿಯಲ್ಲಿ ಟ್ರಿಗರ್‌ನಿಂದ ಸ್ಟಾಕ್‌ನ (ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗದ) ಹಿಂತುದಿಯವರೆಗೆ 36ರಿಂದ 37 ಸೆಂಟಿಮೀಟರ್ ಇರುತ್ತದೆ. ನನಗೆ ಹೊಂದುವುದು 33. ಉದ್ದ ಹೆಚ್ಚಾದಾಗ ಏನಾಗುತ್ತದೆ ನೋಡಿ. ಸ್ಟಾಕ್ ಭುಜದ ಒಳಗುಳಿಗೆ ಬಂದು ಕೂರುವುದಿಲ್ಲ, ಹೊರಗೆ ತೋಳಿನ ಸ್ನಾಯುವಿನ ಮೇಲೆ ನಿಲ್ಲುತ್ತದೆ. ನಿಮ್ಮ ತೋಳಿನ ನೀಲಿ ಕಲೆ ಅದರ ಸಾಕ್ಷಿ. ಮುಂದಿನ ಕೈ ದೂರಕ್ಕೆ ಚಾಚಿಕೊಂಡು ಕೋವಿ ಇನ್ನಷ್ಟು ಭಾರವೆನಿಸುತ್ತದೆ. ಆ ಭಾರ ತೂಗಿಸಲು ಬೆನ್ನು ಹಿಂದಕ್ಕೆ ವಾಲುತ್ತದೆ, ವಾಲಿದ ಮೈಯನ್ನು ಒದೆತ ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ. ಅವರ ಕೋವಿ ನಿಮಗೆ ಭಾರವಾಯಿತು ಎನ್ನುವುದಕ್ಕಿಂತ ಉದ್ದವಾಯಿತು ಎನ್ನುವುದೇ ಸರಿ ಎಂದು ನನಗೆ ತೋರುತ್ತದೆ.

ಮೊಣಕೈ ಮಡಚಿ, ಸ್ಟಾಕ್‌ನ ತುದಿಯನ್ನು ಮಡಿಕೆಗೆ ಇಟ್ಟು, ಬೆರಳು ಟ್ರಿಗರ್ ಮುಟ್ಟಿದರೆ ಸರಿ ಎನ್ನುವ ಅಳತೆಯನ್ನು ಎಲ್ಲರೂ ಹೇಳುತ್ತಾರೆ. ಅದನ್ನು ನಂಬಬೇಡಿ. ಅದು ಮುಂಗೈಯ ಉದ್ದವನ್ನು ಮಾತ್ರ ಹೇಳುತ್ತದೆ. ಕತ್ತು, ಭುಜ, ಎದೆಯ ಲೆಕ್ಕ ಅದರಲ್ಲಿಲ್ಲ. ಕೋವಿಯನ್ನು ಸರಿಯಾಗಿ ಏರಿಸಿದಾಗ ಹಿಡಿದ ಕೈಯ ಹೆಬ್ಬೆರಳಿಗೂ ಮೂಗಿಗೂ ನಡುವೆ ಎರಡು ಬೆರಳಿನಷ್ಟು ಜಾಗ ಉಳಿಯಬೇಕು. ಹೆಬ್ಬೆರಳು ಮೂಗಿಗೆ ತಾಗಿದರೆ ಗಿಡ್ಡ, ನಾಲ್ಕು ಬೆರಳು ಹೋದರೆ ಉದ್ದ.

ಹೆಂಗಸರಿಗೆ ಇನ್ನೊಂದು ಮಾತು. ಸ್ಟಾಕ್‌ನ ಕೆಳಮೂಲೆ ಎದೆಗೆ ಚುಚ್ಚುತ್ತಿದೆಯೇ ನೋಡಿಕೊಳ್ಳಿ. ಚುಚ್ಚಿದರೆ ನಾವು ಅರಿವಿಲ್ಲದೆ ಸ್ಟಾಕ್ ಅನ್ನು ಹೊರಕ್ಕೆ, ತೋಳಿನ ಕಡೆಗೆ ಸರಿಸುತ್ತೇವೆ. ಹಿಂತುದಿಯ ಓರೆಯನ್ನು ಬದಲಿಸಿ, ಕೆಳಮೂಲೆಯನ್ನು ತುಸು ಹೊರಕ್ಕೆ ತಿರುಗಿಸಿದರೆ ನೋವು ಹೋಗುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮೂರು ವರ್ಷ ನೋವು ಸಹಜವೆಂದು ತಿಳಿದು ಸಹಿಸಿದೆ.

ಮಗಳ ಜೊತೆಗಾರ

ನನ್ನ ಮಗಳಿಗೆ ಹನ್ನೆರಡು ವರ್ಷ. ಅವಳಿಗೆ ತೀರಾ ಸಣ್ಣ ನಳಿಗೆಯ .410 ಒಂಟಿನಳಿಗೆ ಕೊಡಿಸಬೇಕೆಂದಿದ್ದೇನೆ. ಒದೆತವೇ ಇಲ್ಲ ಎನ್ನುತ್ತಾರೆ. ಪ್ರಶ್ನೆ ಕೇಳಿದವರಿಗೂ ಅದೇ ಆಗಬಹುದಲ್ಲವೇ?

ಐದನೇ ನಿಲ್ದಾಣ

ಒದೆತ ಕಡಿಮೆ, ನಿಜ. ಆದರೆ .410ರ 63 ಮಿಲಿಮೀಟರ್ ತೋಟಾದಲ್ಲಿ ಚರೆ ಇರುವುದು 14 ಗ್ರಾಂ ಮಾತ್ರ. 28 ಗ್ರಾಂ ತೋಟಾದ ಅರ್ಧ. ಆಕಾಶದಲ್ಲಿ ಹರಡುವ ಚರೆಯ ಜಾಲ ಅಷ್ಟೇ ತೆಳುವಾಗುತ್ತದೆ. ಬಿಲ್ಲೆಯ ಅಗಲ 11 ಸೆಂಟಿಮೀಟರ್. ಗುರಿ ಸರಿಯಿದ್ದರೂ ಆ ಜಾಲದ ತೂತಿನಲ್ಲಿ ಬಿಲ್ಲೆ ಪಾರಾಗಿ ಹೋಗಬಹುದು. ಕಲಿತವರು ಸವಾಲಿಗೆಂದು ಕೈಗೆತ್ತಿಕೊಳ್ಳುವ ಕೋವಿ ಅದು. ಮಗುವಿಗೆ ಬೇಕಾದದ್ದು ಬಿಲ್ಲೆ ಪುಡಿಯಾಗುವ ಸಂತೋಷ. ಕಪ್ಪು ಪುಡಿ ಗಾಳಿಯಲ್ಲಿ ಹರಡುವುದನ್ನು ಒಮ್ಮೆ ಕಂಡ ಮಗು ಮತ್ತೆ ತಾನಾಗಿಯೇ ಬರುತ್ತದೆ. ಹತ್ತು ಹೊಡೆದು ಹತ್ತೂ ತಪ್ಪಿದರೆ ಒದೆತವಿಲ್ಲದಿದ್ದರೂ ಬರುವುದಿಲ್ಲ.

ನೆಲದ ಮೇಲೆ ನಿಲ್ಲಿಸಿದ ಡಬ್ಬಿಗೆ ಹೊಡೆಯಲು, ಕೋವಿಯನ್ನು ಜೋಪಾನವಾಗಿ ಹಿಡಿಯುವ ಪಾಠಕ್ಕೆ .410 ಚೆನ್ನ. ಅದಕ್ಕೆ ನನ್ನ ಆಕ್ಷೇಪವಿಲ್ಲ.

ಇಪ್ಪತ್ತೆಂಟು

28 ಬೋರ್ ಅನ್ನು ಯಾರೂ ಹೇಳಲಿಲ್ಲ. ಬೋರ್ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು ಎಂಬುದು ನೆನಪಿರಲಿ. 21 ಗ್ರಾಂ ಚರೆ, ಮೃದುವಾದ ಒದೆತ, ಸಮನಾದ ಹರಡುವಿಕೆ. ನನ್ನ ಹೆಂಡತಿ ಕಲಿತದ್ದು ಅದರಲ್ಲೇ. ನನ್ನ ಮಟ್ಟಿಗೆ ಅದಕ್ಕಿಂತ ಸೊಗಸಾದ ಅಳತೆ ಇಲ್ಲ.

ಬೆಳಗಿನ ಬಿಸಿಲು

ಸೊಗಸಾದದ್ದು, ಒಪ್ಪುತ್ತೇನೆ. ಆದರೆ 28 ಬೋರ್ ತೋಟಾ ಎಲ್ಲೆಡೆ ಸಿಗುವುದಿಲ್ಲ. ಹೊಸಬರಿಗೆ ಬೇಕಾದದ್ದು ಅಭ್ಯಾಸ, ಅಭ್ಯಾಸಕ್ಕೆ ಬೇಕಾದದ್ದು ಕೈಗೆಟುಕುವ ತೋಟಾ. 20 ಬೋರ್‌ನಲ್ಲೂ 21 ಗ್ರಾಂ ತೋಟಾ ಬರುತ್ತದೆ. ಮುಂದೆ ಬೇಕೆನಿಸಿದಾಗ 24ಕ್ಕೆ ಏರಬಹುದು. 20 ಬೋರ್‌ನ ನಳಿಗೆಯ ಒಳಅಗಲ ಸುಮಾರು 15.6 ಮಿಲಿಮೀಟರ್, 12 ಬೋರ್‌ನದು 18.5. ಹಾಗಾಗಿ ಒಳ್ಳೆಯ ತಯಾರಕರು 20 ಬೋರ್‌ಗೆ ಮೈಯನ್ನೂ ಸಣ್ಣದಾಗಿ ಮಾಡುತ್ತಾರೆ, ಸಣ್ಣ ಕೈಗೆ ಹಿಡಿತ ಸಿಗುತ್ತದೆ. ಕೆಲವರು 12 ಬೋರ್‌ನ ಮೈಗೇ 20 ಬೋರ್ ನಳಿಗೆ ಜೋಡಿಸುತ್ತಾರೆ, ಕೊಳ್ಳುವ ಮೊದಲು ಅದನ್ನು ಗಮನಿಸಿ.

ಮರದ ಕೆಲಸ

ಸ್ಟಾಕ್ ಕೆತ್ತುವುದು, ಕತ್ತರಿಸುವುದು, ಬಗ್ಗಿಸುವುದು ನನ್ನ ಕಸುಬು. ಉದ್ದದ ವಿಷಯ ಮೇಲೆ ಬಂದಿದೆ. ಆದರೆ ಉದ್ದ ಕತ್ತರಿಸಿದೊಡನೆ ಕೋವಿ ಹೊಂದುತ್ತದೆ ಎಂದು ನಂಬಿ ಬರುವವರೇ ಹೆಚ್ಚು, ಅದಕ್ಕಾಗಿ ನಾಲ್ಕು ಮಾತು.

ಈ ಕೋವಿಗೆ ಹಿಂಬದಿಯ ಗುರಿಗೂಟ ಇಲ್ಲ. ನಿಮ್ಮ ಕಣ್ಣೇ ಆ ಗೂಟ. ಕೆನ್ನೆ ಸ್ಟಾಕ್‌ನ ಬೆನ್ನಿನ ಮೇಲೆ ಕುಳಿತಾಗ ಕಣ್ಣು ನಳಿಗೆಯ ಮೇಲೆ ಉದ್ದಕ್ಕೂ ಇರುವ ಪಟ್ಟಿಯ ಗೆರೆಗೆ ನೇರವಾಗಿ, ಒಂದು ಕೂದಲೆಳೆ ಮೇಲಿರಬೇಕು. ಬೆನ್ನು ತಗ್ಗಾಗಿದ್ದರೆ ನೀವು ನೋಡಲೆಂದು ಕೆನ್ನೆ ಎತ್ತುತ್ತೀರಿ. ಆಗ ಚರೆ ಮೇಲೆ ಹೋಗುತ್ತದೆ, ಅಷ್ಟೇ ಅಲ್ಲ, ಒದೆತಕ್ಕೆ ಸ್ಟಾಕ್ ಮೇಲೆದ್ದು ಕೆನ್ನೆಯ ಮೂಳೆಗೆ ಬಡಿಯುತ್ತದೆ. ನಿಮ್ಮ ಕೆನ್ನೆಯ ನೋವಿನ ಕಾರಣ ಇದೇ ಇರಬೇಕು.

ಮನೆಯಲ್ಲೇ ಪರೀಕ್ಷಿಸಬಹುದು. ಕೋವಿ ಖಾಲಿಯೆಂದು ಎರಡು ಬಾರಿ ನೋಡಿ, ತೋಟಾವನ್ನು ಬೇರೆ ಕೋಣೆಯಲ್ಲಿಡಿ. ಆಚೆ ಯಾರೂ ಸುಳಿಯದ ಗಟ್ಟಿ ಗೋಡೆಯ ಒಂದು ಬಿಂದುವನ್ನು ನೋಡಿ, ಕಣ್ಣು ಮುಚ್ಚಿ, ಕೋವಿಯನ್ನು ಕೆನ್ನೆಗೂ ಭುಜಕ್ಕೂ ಏರಿಸಿ. ಈಗ ಕಣ್ಣು ತೆರೆಯಿರಿ. ಕತ್ತು ಅಲ್ಲಾಡಿಸದೆ ನೋಡಿದಾಗ ಪಟ್ಟಿ ನೇರವಾಗಿ ಕಂಡು ಬಿಂದುವಿನತ್ತ ಹೋದರೆ ಅಳತೆ ಹತ್ತಿರವಿದೆ. ನಳಿಗೆಯ ಹಿಂದಿರುವ ಲಾಕ್ ಮಾತ್ರ ಕಾಣುತ್ತಿದ್ದರೆ ಸ್ಟಾಕ್‌ನ ಬೆನ್ನು ತಗ್ಗು. ಪಟ್ಟಿ ಓರೆಯಾಗಿ ಕಂಡರೆ ಸ್ಟಾಕ್‌ನ ಪಕ್ಕದ ಬಾಗು ತಪ್ಪಿದೆ. ಹತ್ತು ಸಲ ಮಾಡಿ, ಒಂದೇ ಸಲ ಮಾಡಿ ತೀರ್ಮಾನಿಸಬೇಡಿ.

ಇನ್ನು ಕತ್ತರಿಸುವ ಕೆಲಸ. ಗರಗಸ ಓಡುವ ಗೆರೆಯ ಸುತ್ತ ಕಾಗದದ ಅಂಟುಪಟ್ಟಿ ಸುತ್ತುತ್ತೇನೆ, ಇಲ್ಲದಿದ್ದರೆ ಹೊಳಪಿನ ಪದರ ಸಿಬಿರೆದ್ದು ಅಂಚು ಹಾಳಾಗುತ್ತದೆ. ಹಿಂತುದಿಯ ಓರೆಯನ್ನು ಅಳೆದು ಅದೇ ಓರೆಯಲ್ಲಿ, ಬೇಕಿದ್ದರೆ ತಿದ್ದಿದ ಓರೆಯಲ್ಲಿ, ಗರಗಸ ನಡೆಸಬೇಕು. ಕತ್ತರಿಸಿದ ತುಂಡನ್ನು ಎಸೆಯಬೇಡಿ. ಬೆಳೆಯುವ ಮಕ್ಕಳಿಗೆ ಅದೇ ತುಂಡನ್ನು ಮತ್ತೆ ಜೋಡಿಸಿಕೊಡಬಹುದು. ಮರ ಹೋದಷ್ಟೂ ಹಿಂದಿನ ಭಾರ ಇಳಿದು ಮೂತಿ ಜಗ್ಗತೊಡಗುತ್ತದೆ. ಸ್ಟಾಕ್‌ನೊಳಗಿನ ಬೋಲ್ಟ್ ರಂಧ್ರದಲ್ಲಿ ಸೀಸದ ತುಂಡು ಕೂರಿಸಿ ಸಮತೋಲ ತರಬೇಕಾಗುತ್ತದೆ. ಕೋವಿಯ ಒಟ್ಟು ತೂಕ ನೂರಿನ್ನೂರು ಗ್ರಾಂ ಏರಿದರೂ ಎರಡು ಕೈಗಳ ನಡುವೆ ಭಾರ ನಿಂತರೆ ಅದು ಹಗುರವಾಗಿಯೇ ತೋರುತ್ತದೆ.

ಹಿಡಿಯ ದಪ್ಪವನ್ನೂ ಮರೆಯಬೇಡಿ. ಸಣ್ಣ ಕೈಯವರು ಟ್ರಿಗರ್ ಮುಟ್ಟಲೆಂದು ಹಿಡಿತವನ್ನೇ ಪಕ್ಕಕ್ಕೆ ಜಾರಿಸುತ್ತಾರೆ, ಹೆಬ್ಬೆರಳಿನ ಗೆಣ್ಣಿಗೆ ಪೆಟ್ಟು ಬೀಳುತ್ತದೆ.

ಲೆಕ್ಕದ ಹಾಳೆ

ಕೋವಿಯ ಬಗೆಯ ಮಾತೂ ಬರಲಿ. ಗ್ಯಾಸ್ ಬಲದಿಂದ ನಡೆಯುವ, ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್‌ನಲ್ಲಿ ಒದೆತ ಒಂದೇ ಏಟಿಗೆ ಬರುವುದಿಲ್ಲ, ತುಸು ಹೊತ್ತಿಗೆ ಹರಡಿಕೊಳ್ಳುತ್ತದೆ. ಏಟಿನ ಬದಲು ತಳ್ಳಿದಂತೆ ಅನಿಸುತ್ತದೆ. 1963ರಲ್ಲಿ ಬಂದ ರೆಮಿಂಗ್ಟನ್ 1100 ಇದಕ್ಕೇ ಹೆಸರಾಯಿತು. ಇಂದಿನ ಬೆರೆಟ್ಟಾ ಎ400 ಕೂಡ ಇದೇ ಬಗೆಯದು. ಇನರ್ಷಿಯಾ ಬಗೆಯವು ಇನ್ನೂ ಹಗುರ, ಆದರೆ ಅವು ನಡೆಯುವುದೇ ಒದೆತದ ಬಲದಿಂದ. ತೀರಾ ಹಗುರವಾದ ತೋಟಾ ಹಾಕಿದರೆ ಕೆಲವು ಸಿಕ್ಕಿಕೊಳ್ಳುತ್ತವೆ. 21 ಗ್ರಾಂ ತೋಟಾದಿಂದಲೇ ಪರೀಕ್ಷಿಸಿ ಕೊಳ್ಳಿ.

ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ತುಂಬುವ ಪಂಪ್ ಕೋವಿಯಲ್ಲಿ ಗಿಡ್ಡ ತೋಳಿನವರಿಗೆ ಆ ಹಿಡಿ ಎಟುಕುವುದು ಕಷ್ಟ. ಮಾಸ್‌ಬರ್ಗ್ 500ರ ಬ್ಯಾಂಟಮ್‌ನಂಥ ಗಿಡ್ಡ ಸ್ಟಾಕ್‌ನ ಮಾದರಿಗಳು ಇವೆ.

ಐದನೇ ನಿಲ್ದಾಣ

ಸೆಮಿ ಆಟೊಮ್ಯಾಟಿಕ್ ಹಿಡಿದ ಹೊಸಬರಿಗೆ ನಾನು ಮೊದಲ ದಿನಗಳಲ್ಲಿ ಒಂದೊಂದೇ ತೋಟಾ ಕೊಡುತ್ತೇನೆ. ಮುರಿದು ತೆರೆಯುವ ಜೋಡುನಳಿಗೆ ಖಾಲಿಯಿದೆ ಎಂಬುದು ಹತ್ತು ಹೆಜ್ಜೆ ದೂರದವರಿಗೂ ಕಾಣುತ್ತದೆ, ಸೆಮಿ ಆಟೊಮ್ಯಾಟಿಕ್‌ನಲ್ಲಿ ಹಾಗಲ್ಲ.

ಮಗಳ ಜೊತೆಗಾರ ಅವರಿಗೂ ಸೇರಿಸಿ ಎಲ್ಲರಿಗೂ ಹೇಳುವ ಇನ್ನೊಂದು ಮಾತು ಇದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆಯಲ್ಲಿ ಈಗಾಗಲೇ 12 ಬೋರ್ ಇದ್ದು, 20 ಬೋರ್ ಹೊಸದಾಗಿ ಬಂದರೆ ಎರಡರ ತೋಟಾವನ್ನು ಎಂದೂ ಒಂದೇ ಜೇಬಿನಲ್ಲಿ, ಒಂದೇ ಚೀಲದಲ್ಲಿ ಇಡಬೇಡಿ. 20 ಬೋರ್ ತೋಟಾ 12 ಬೋರ್ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಜಾಗ ಖಾಲಿ. ತೋಟಾ ಹಾಕಲು ಮರೆತೆ ಎಂದುಕೊಂಡು 12 ಬೋರ್ ತೋಟಾ ಹಾಕಿ ಟ್ರಿಗರ್ ಎಳೆದರೆ ನಳಿಗೆ ಸಿಡಿಯುತ್ತದೆ, ಮುಂದಿನ ಕೈಯ ಬೆರಳುಗಳು ಇರುವುದು ಅಲ್ಲಿಯೇ. 20 ಬೋರ್ ತೋಟಾಕ್ಕೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಈ ಅನಾಹುತ ತಪ್ಪಿಸಲಿಕ್ಕೆ. ಬಣ್ಣವನ್ನೇ ನಂಬದೆ ಮೇಲೆ ಬರೆದ ಸಂಖ್ಯೆಯನ್ನೂ ಓದಿ. ಸದ್ದು ಬಾರದೆ ಈಡು ತಪ್ಪಿದಾಗ, ಅಥವಾ ಸದ್ದು ಕುಗ್ಗಿ ವಿಚಿತ್ರವಾಗಿ ಕೇಳಿದಾಗ, ಮೂತಿಯನ್ನು ಸುರಕ್ಷಿತ ದಿಕ್ಕಿನಲ್ಲೇ ಹಿಡಿದು ಅರ್ಧ ನಿಮಿಷ ಕಾಯಿರಿ. ಆಮೇಲೆ ಖಾಲಿ ಮಾಡಿ, ನಳಿಗೆಯ ಮೂಲಕ ಬೆಳಕು ಕಾಣುವವರೆಗೆ ಇನ್ನೊಂದು ತೋಟಾ ಹಾಕಬೇಡಿ.

ಮೊದಲ ಈಡು

ಎಷ್ಟೊಂದು ವಿಷಯ! ಒಂಟಿನಳಿಗೆಯ ಆಸೆ ಬಿಟ್ಟೆ. ಇನ್ನೊಂದು ಸಂಗತಿ ಹೇಳಲು ನಾಚಿಕೆಯಾಗುತ್ತಿದೆ. ಮೂರನೇ ಈಡಿನ ನಂತರ ಟ್ರಿಗರ್ ಎಳೆಯುವ ಮೊದಲೇ ನನ್ನ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಇದು ಹೋಗುತ್ತದೆಯೇ?

ಬೆಳಗಿನ ಬಿಸಿಲು

ನಾಚಿಕೆ ಏಕೆ ತಾಯಿ, ಮೈ ತನ್ನನ್ನು ತಾನು ಕಾಯ್ದುಕೊಳ್ಳುತ್ತಿದೆ ಅಷ್ಟೇ. ನನಗೂ ಇತ್ತು, ಹೋಯಿತು. ನೀವು ಕಿವಿಗೆ ಏನು ಹಾಕಿಕೊಂಡಿದ್ದಿರಿ? ಈ ಕೋವಿಯ ಸದ್ದು 150 ಡೆಸಿಬೆಲ್ ದಾಟುತ್ತದೆ. ಒಂದೇ ಈಡು ಕಿವಿಗೆ ಶಾಶ್ವತ ಹಾನಿ ಮಾಡಬಲ್ಲದು. ಬೆಚ್ಚುವುದಕ್ಕೆ ಒದೆತದಷ್ಟೇ ಸದ್ದೂ ಕಾರಣ. ಕಿವಿಯೊಳಗೆ ಪ್ಲಗ್, ಅದರ ಮೇಲೆ ಇಯರ್‌ಮಫ್, ಎರಡನ್ನೂ ಹಾಕಿಕೊಂಡು ನೋಡಿ. ಕೋವಿ ಬದಲಾಯಿತೇನೋ ಎನಿಸುತ್ತದೆ.

ಐದನೇ ನಿಲ್ದಾಣ

ಹೋಗುತ್ತದೆ. ನಾನು ನಿಜವಾದ ತೋಟಾಗಳ ನಡುವೆ ಒಂದು ಹುಸಿ ತೋಟಾವನ್ನು ಕಲಿಯುವವರಿಗೆ ಕಾಣದಂತೆ ಹಾಕುತ್ತೇನೆ. ಟ್ರಿಗರ್ ಎಳೆದಾಗ ಟಕ್ ಎಂಬ ಸದ್ದು ಮಾತ್ರ. ಆದರೆ ಮೂತಿ ಒಂದು ಗೇಣು ಕೆಳಗೆ ಕುಕ್ಕರಿಸುತ್ತದೆ, ಭುಜ ಮುಂದಕ್ಕೆ ನುಗ್ಗುತ್ತದೆ. ತನ್ನ ಮೈ ಮಾಡಿದ್ದನ್ನು ಅವರೇ ಕಂಡಾಗ ನಾನು ಬೇರೆ ಹೇಳಬೇಕಾಗಿಲ್ಲ. ಅಲ್ಲಿಂದ 21 ಗ್ರಾಂ ತೋಟಾ, ನೇರವಾಗಿ ಮುಂದಕ್ಕೆ ಹೋಗುವ ನಿಧಾನದ ಬಿಲ್ಲೆ, ಚರೆಯನ್ನು ಅಗಲವಾಗಿ ಹರಡುವ ಚೋಕ್ (ನಳಿಗೆಯ ಮೂತಿಯ ಬಿಗಿತ). ಮೊದಲ ದಿನ 25ಕ್ಕಿಂತ ಹೆಚ್ಚು ಇಲ್ಲ. ಇನ್ನೊಂದು ಹತ್ತು ಹೊಡೆಯಬಲ್ಲೆ ಎನಿಸುವಾಗಲೇ ಮನೆಗೆ ಕಳುಹಿಸುತ್ತೇನೆ.

ಕೋವಿ ಆರಿಸುವ ಮೊದಲು ನಿಮ್ಮ ಯಾವ ಕಣ್ಣು ಮುಂದು ಎಂದು ನೋಡಿಕೊಳ್ಳಿ. ಎರಡು ಅಂಗೈಗಳನ್ನು ಜೋಡಿಸಿ ಸಣ್ಣ ಕಿಂಡಿ ಮಾಡಿ, ತೋಳು ಚಾಚಿ, ಎರಡೂ ಕಣ್ಣು ತೆರೆದು ದೂರದ ವಸ್ತುವನ್ನು ಕಿಂಡಿಯಲ್ಲಿ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ವಸ್ತು ಉಳಿಯುತ್ತದೆಯೋ ಅದು ಮುಂದಿನ ಕಣ್ಣು. ಬಲಗೈಯವರಿಗೆ ಎಡಗಣ್ಣು ಮುಂದಿದ್ದರೆ ಕೋವಿಯನ್ನು ಎಡಭುಜದಿಂದಲೇ ಕಲಿಯುವುದು ಒಳ್ಳೆಯದು. ಅದು ಒಗ್ಗದಿದ್ದರೆ ಕನ್ನಡಕದ ಎಡಗಾಜಿನ ಮೇಲೆ ಸಣ್ಣ ಅಂಟುಪಟ್ಟಿ ಹಚ್ಚಿ ಆ ಕಣ್ಣನ್ನು ತಡೆಯಬಹುದು.

ಇಪ್ಪತ್ತೆಂಟು

ಸಣ್ಣ ಮೈಕಟ್ಟು ಅಡ್ಡಿ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಅಮೆರಿಕದ ಕಿಮ್ ರೋಡ್ 1996ರ ಒಲಿಂಪಿಕ್ಸ್‌ನಲ್ಲಿ ಎರಡು ಬಿಲ್ಲೆ ಒಟ್ಟಿಗೆ ಹಾರುವ ಡಬಲ್ ಟ್ರ್ಯಾಪ್‌ನ ಚಿನ್ನ ಗೆದ್ದಾಗ ಅವರ ವಯಸ್ಸು 17. ಅಲ್ಲಿಂದ 2016ರವರೆಗೆ ಆರು ಒಲಿಂಪಿಕ್ಸ್‌ಗಳಲ್ಲಿ ಸತತವಾಗಿ ಪದಕ ತಂದರು.

ಮೊದಲ ಈಡು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ತರಬೇತುದಾರರೊಬ್ಬರ ಬಳಿ ನಾಲ್ಕು ಕೋವಿಗಳನ್ನು ಹಿಡಿದು ನೋಡಿದೆ. ಕಣ್ಣಿನ ಪರೀಕ್ಷೆಯಲ್ಲಿ ಬಲಗಣ್ಣೇ ಮುಂದು ಎಂದು ತಿಳಿಯಿತು. ಕೊನೆಗೆ ಹೊಂದಿದ್ದು 20 ಬೋರ್‌ನ ಗ್ಯಾಸ್ ಸೆಮಿ ಆಟೊಮ್ಯಾಟಿಕ್, 2.9 ಕಿಲೋ, ಸ್ಟಾಕ್ 33 ಸೆಂಟಿಮೀಟರ್, ನಳಿಗೆ 66. ನನಗೆ ಎಲ್ಲಕ್ಕಿಂತ ಹಗುರವಾಗಿ ತೋರಿದ್ದು ಅದೇ. ತೂಗಿ ನೋಡಿದರೆ ಹಗುರತನದಲ್ಲಿ ನಾಲ್ಕರಲ್ಲಿ ಮೂರನೆಯದು.

21 ಗ್ರಾಂ ತೋಟಾ, ಕಿವಿಗೆ ಎರಡು ಪದರ. ಭಾರವನ್ನು ಮುಂದಿನ ಕಾಲಿನ ಮೇಲೆ ಹಾಕಿ, ಮೂಗನ್ನು ಕಾಲ್ಬೆರಳ ತುದಿಗಿಂತ ಮುಂದೆ ಚಾಚು ಎಂದರು. ಮೊದಲ ನಾಲ್ಕು ತಪ್ಪಿದವು. ಐದನೆಯದನ್ನು ಹೊಡೆದಾಗ ಬಿಲ್ಲೆ ಇದ್ದ ಜಾಗದಲ್ಲಿ ಕಪ್ಪು ಪುಡಿಯ ಒಂದು ಮೋಡ ನಿಂತಿತ್ತು. ನಾನು ಅದನ್ನು ಕಂಡೆ. ಅಂದರೆ ಕಣ್ಣು ತೆರೆದೇ ಇತ್ತು.

25ರಲ್ಲಿ ಒಂಬತ್ತು ಒಡೆದೆ. ತೋಳಿನ ಮೇಲೆ ಕಲೆಯಿಲ್ಲ. ಮರದ ಕೆಲಸ ಅವರಿಗೆ ಒಂದು ಪ್ರಶ್ನೆ: ಹಿಂತುದಿಯ ಕೆಳಮೂಲೆ ಇನ್ನೂ ಸ್ವಲ್ಪ ಚುಚ್ಚುತ್ತದೆ. ಮರವನ್ನು ಮುಟ್ಟದೆ ಏನಾದರೂ ಮಾಡಬಹುದೇ?

ಮರದ ಕೆಲಸ

ಮಾಡಬಹುದು. ಹಿಂತುದಿಯ ರಬ್ಬರ್ ಪ್ಯಾಡ್‌ನ ಎರಡು ತಿರುಪುಗಳನ್ನು ಬಿಚ್ಚಿ, ಪ್ಯಾಡ್ ಮತ್ತು ಸ್ಟಾಕ್ ನಡುವೆ ಮೇಲಿನ ತಿರುಪಿನ ಬಳಿ ಒಂದು ತೆಳುವಾದ ವಾಷರ್ ಇಡಿ. ಕೆಳಮೂಲೆ ಎದೆಯಿಂದ ದೂರ ಸರಿಯುತ್ತದೆ. ಹಿತವೆನಿಸಿದರೆ ಅದೇ ಓರೆಗೆ ಬೆಣೆಯಾಕಾರದ ಸ್ಪೇಸರ್ ಹಾಕಿಸಿಕೊಳ್ಳಿ, ವಾಷರ್ ಬರೀ ಪರೀಕ್ಷೆಗೆ. ಎರಡು ಮಿಲಿಮೀಟರ್‌ನಿಂದ ಶುರು ಮಾಡಬೇಡಿ, ಒಂದು ಸಾಕು.